ನಾಲ್ಕು ಗಂಟೆಯ ತೇಪೆ

ನಮ್ಮ ಮನೆಯವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆದರೂ ಗೂಟಕ್ಕೆ ನೇತುಹಾಕಿದ್ದ ಅವರ ಖಾಕಿ ಅಂಗಿ ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಬಲಗೈ ಎತ್ತುತ್ತಿತ್ತು. ಎತ್ತಿ, ಇಲ್ಲದ ಹಗ್ಗವೊಂದನ್ನು ಹಿಡಿದು ಏಳೆಂಟು ಸಲ ಜಗ್ಗಿ, ಕೈ ಇಳಿಸುತ್ತಿತ್ತು. ಅವರು ಹೆಣ್ಣುಮಕ್ಕಳ ಸಾಲೆಯಲ್ಲಿ ಮೂವತ್ತೊಂದು ವರ್ಷ ಜವಾನರಾಗಿದ್ದವರು. ಸಾಲೆ ಬಿಡುವ ಗಂಟೆ ಅವರ ಕೈಯದೇ. ಗಂಟೆ ಬಾರಿಸಿ ಮುಗಿದ ಮೇಲೆ ಅಂಗಿ ಮೆಲ್ಲಗೆ ಕಿಟಕಿಯ ಕಡೆ ವಾಲುತ್ತಿತ್ತು. ಕಿಟಕಿಯ ಕೆಳಗೆ ನಾನು ಕೌದಿ ಹೊಲಿಯುತ್ತ ಕೂತಿರುತ್ತಿದ್ದೆ. ದೀಪ ಹಚ್ಚುವವರೆಗೂ ಅದು ಹಾಗೇ ನನ್ನ ಕಡೆ ವಾಲಿಕೊಂಡಿರುತ್ತಿತ್ತು. ಬದುಕಿದ್ದಾಗ, ಕೊನೆಯ ವಾರವೊಂದನ್ನು ಬಿಟ್ಟರೆ, ಆ ಮನುಷ್ಯ ನನ್ನನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ. ಸತ್ತ ಮೇಲಾದರೂ ಬುದ್ಧಿ ಬಂತಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ನಮ್ಮ ಊರಲ್ಲಿ ಇದು ಯಾರಿಗೂ ಸೋಜಿಗವಲ್ಲ. ಮೂರು ಮಳೆಗಾಲ ಮೈಮೇಲಿದ್ದ ಬಟ್ಟೆ ಒಡೆಯನ ಚಾಳಿ ಕಲಿತೇ ಕಲಿಯುತ್ತದೆ. ಅದಕ್ಕೇ ನಮ್ಮಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರು ಉಡುವುದಿಲ್ಲ. ಮೇಲಿನ ಓಣಿಯ ಹೊಸ ಸೊಸೆಯೊಬ್ಬಳು ತಿಳಿಯದೆ ಅತ್ತೆಯ ಸೀರೆ ಉಟ್ಟು ಒಂದು ತಾಸಿನೊಳಗೆ ನಾಲ್ಕು ಮನೆಯ ಅಡುಗೆಮನೆ ಹೊಕ್ಕು, ನಾಲ್ಕೂ ಕಡೆ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಬಂದಳು. ಇನ್ನೊಬ್ಬ ಅಣ್ಣನ ಕೋಟು ಹಾಕಿಕೊಂಡು ಕನ್ಯೆ ನೋಡಲು ಹೋದ. ಹುಡುಗಿಯ ಮೇಲೆ ಪ್ರಾಣವನ್ನೇ ಇಟ್ಟಿದ್ದನಂತೆ. ಆದರೂ ಹತ್ತು ವರ್ಷದ ಹಿಂದೆ ಅಣ್ಣ ಯಾವ ಮನೆಯಲ್ಲೋ ಮಾಡಿದ್ದ ಹಾಗೆ ಉಪ್ಪಿಟ್ಟು ತಿಂದು, ಮೀಸೆ ಒರೆಸಿ, “ಕಾಗದ ಬರೀತೀವಿ” ಎಂದು ಎದ್ದು ಬಂದ. ವಕೀಲರ ಕೋಟಿಗೆ ಇಸ್ತ್ರಿ ಹಾಕುವವನು ಮೊದಲು ಅದರ ಎರಡೂ ತೋಳು ಕಟ್ಟುತ್ತಾನೆ. ಇಲ್ಲದಿದ್ದರೆ ಅದು ಪ್ರತಿಯೊಂದು ಮಡಿಕೆಗೂ ಆಕ್ಷೇಪಣೆ ಎತ್ತುತ್ತದೆ.

ಹೀಗಿದ್ದ ಊರಿಗೆ ದೇವರು ಬೇರೆ ಯಾರು ಆದಾಳು? ದಾರದವ್ವ. ಅವಳ ಗರ್ಭಗುಡಿಗೆ ಬಾಗಿಲಿಲ್ಲ, ಪರದೆ ಅಷ್ಟೆ. ಮಧ್ಯಾಹ್ನ ನೈವೇದ್ಯ ಉಂಡ ಮೇಲೆ ಸಂಜೆ ದೀಪ ಹಚ್ಚುವವರೆಗೆ ಅವಳು ಮಲಗುವ ಹೊತ್ತು. ಆಗ ಯಾರ ಕಣ್ಣೂ ಅವಳ ಮೇಲೆ ಬೀಳಬಾರದು. ಪರದೆ ಎಂದರೆ ಊರಿನ ಇನ್ನೂರಾ ಹದಿಮೂರು ಮನೆಯ ಬಟ್ಟೆಯ ತುಂಡು ಕೂಡಿಸಿ ಹೊಲಿದ ಕೌದಿ. ಹನ್ನೆರಡು ವರ್ಷಕ್ಕೊಮ್ಮೆ ಹೊಸದು. ಪ್ರತಿ ಮನೆಯವರೂ ಮನೆಯಲ್ಲಿ ಯಾವುದು ಎಲ್ಲಕ್ಕಿಂತ ಹೆಚ್ಚು ಉಟ್ಟು ಸವೆದಿದೆಯೋ ಅದರಿಂದಲೇ ತುಂಡು ಕೊಡಬೇಕು. ಇದು ಅವ್ವನ ಕಟ್ಟಳೆ. ಹಳೆಯ ಪರದೆಯನ್ನು ಗುಡಿಯ ಪಡಸಾಲೆಯಲ್ಲಿ ಹಾಸಿರುತ್ತಾರೆ. ಗೊತ್ತಿಲ್ಲದೆ ಅದರ ಮೇಲೆ ಅಡ್ಡಾದ ಪರವೂರಿನವರು ತಟ್ಟನೆ ಎದ್ದು, ಎಂದೋ ಸತ್ತವರ ಎಂದೋ ಕಳೆದ ಎಮ್ಮೆ ಹುಡುಕಿಕೊಂಡು ಹೊರಡುತ್ತಾರೆ.

ಊರಲ್ಲಿ ಕೌದಿಗೆ ನನ್ನ ಕೈಯೇ ಕೈ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಪರದೆಯ ಹೊಲಿಗೆಗೆ ನಾನೇ ಮುಂದಾಳು. ಮನೆಮನೆಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು, “ಖರೇ ತುಂಡು ಕೊಡ್ರಿ, ಕಳ್ಳಾಟ ನಡಿಯೂದಿಲ್ಲ” ಎಂದು ಗದರಿಸಿ ಬಂದಿದ್ದೆ. ಮನೆಗೆ ಬಂದು ಗೂಟದ ಕಡೆ ನೋಡಿದಾಗ ಸೊಂಟದ ಮೇಲಿನ ಕೈ ತಾನಾಗಿ ಕೆಳಗಿಳಿಯಿತು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಆ ಅಂಗಿಯೇ. ಕತ್ತರಿ ಬಿದ್ದರೆ ಚಾಳಿಯೆಲ್ಲ ಜೇಬಿರುವ ತುಂಡಿಗೆ ಹೋಗುತ್ತದೆ, ಉಳಿದದ್ದು ಬರೀ ಅರಿವೆ. ತುಂಡು ಕೊಟ್ಟೆನೆಂದರೆ ನಾಲ್ಕು ಗಂಟೆಗೆ ನನ್ನ ಮನೆಯಲ್ಲಿ ಯಾರೂ ಕೈ ಎತ್ತುವುದಿಲ್ಲ, ಯಾರೂ ನನ್ನ ಕಡೆ ವಾಲುವುದಿಲ್ಲ.

ಅದಕ್ಕೆ ನಾನೇ ಕಳ್ಳಾಟ ಆಡಿದೆ. ಮದುವೆಯಲ್ಲಿ ನನ್ನ ತವರಿನವರು ಕೊಟ್ಟಿದ್ದ ಧೋತರ ಟ್ರಂಕಿನ ತಳದಲ್ಲಿತ್ತು. ಅಂಚು ಚುಚ್ಚುತ್ತದೆ ಎಂದು ಅವರು ಅದನ್ನು ಒಂದು ದಿನವೂ ಉಟ್ಟವರಲ್ಲ. ಅದರಿಂದ ಒಂದು ಗೇಣು ಕತ್ತರಿಸಿ, ಹಳೆಯದಾಗಿ ಕಾಣಲೆಂದು ಚಹಾದಲ್ಲಿ ಅದ್ದಿ ಒಣಗಿಸಿ ಕೊಟ್ಟೆ.

ದಾರದವ್ವನ ಪೂಜಾರಿ ಗದಿಗೆಯ್ಯ ಬಲು ಬೆರಕಿ ಮನುಷ್ಯ. ಬಂದ ತುಂಡುಗಳನ್ನೆಲ್ಲ ಗುಡಿಯ ಅಂಗಳದಲ್ಲಿ ಹಗ್ಗಕ್ಕೆ ಹಾಕಿ, ತಾನು ಎದುರಿಗೆ ಕುರ್ಚಿ ಹಾಕಿಕೊಂಡು ಇಡೀ ದಿನ ನೋಡುತ್ತ ಕೂತ. ಒಂದು ತುಂಡು ಸೀನಿತು. ಒಂದು ಎಲೆ ಅಡಿಕೆ ಉಗುಳುವ ಹಾಗೆ ಪಕ್ಕಕ್ಕೆ ಬಾಗಿತು. ನಮ್ಮ ಓಣಿಯ ಬಂಗಾರೆವ್ವನ ಸೆರಗಿನ ತುಂಡು ಅಕ್ಕಪಕ್ಕದ ತುಂಡುಗಳ ಅಂಚು ಎತ್ತಿ ಎತ್ತಿ ಕೆಳಗೇನಿದೆ ಎಂದು ನೋಡಿತು. ನಾನು ಕೊಟ್ಟ ತುಂಡು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಮಿಸುಕಾಡಲಿಲ್ಲ.

“ಯವ್ವಾ ಕಾಶವ್ವಾ,” ಎಂದ ಗದಿಗೆಯ್ಯ, ಎಲ್ಲರ ಎದುರಿಗೆ, “ಮಲಕಾಜಪ್ಪ ನನ್ನ ದೋಸ್ತ ಇದ್ದ. ಇಷ್ಟು ಸುಮ್ನ ಕುಂಡ್ರೂ ಮನಷ್ಯಾ ಅಲ್ಲಂವ. ಮ್ಯಾಲ ಇದು ಚಹಾದ ವಾಸನಿ ಹೊಡ್ಯಾಕತ್ತೈತಿ.”

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗದರಿಸಿಕೊಂಡವರೆಲ್ಲ ಅವತ್ತು ಬಡ್ಡಿ ಸಮೇತ ತೀರಿಸಿಕೊಂಡರು. ನಾನು ಮನೆಗೆ ಹೋಗಿ, ಕಣ್ಣು ಮುಚ್ಚಿಕೊಂಡು, ಅಂಗಿಯ ಎಡ ಎದೆಯ ಜೇಬಿನ ಭಾಗ ಕತ್ತರಿಸಿದೆ. ಉಳಿದ ಅಂಗಿ ಗೂಟದಲ್ಲಿ ಸಪ್ಪಗೆ ಇಳಿಬಿತ್ತು. ಅದನ್ನು ನೋಡಲಾರದೆ ಮಡಚಿ ಟ್ರಂಕಿಗೆ ಹಾಕಿದೆ.

ಪರದೆ ಹೊಲಿಯುವುದೆಂದರೆ ಸೂಜಿಯ ಕೆಲಸ ಅರ್ಧ, ಪಂಚಾಯಿತಿ ಅರ್ಧ. ಪಾಲಾದ ಅಣ್ಣತಮ್ಮಂದಿರ ತುಂಡು ಪಕ್ಕಪಕ್ಕ ಬಂದರೆ ನಡುವಿನ ಹೊಲಿಗೆ ಬೆಳಗಾಗುವುದರಲ್ಲಿ ಹರಿದಿರುತ್ತದೆ. ಗೊರಕೆ ಹೊಡೆಯುವ ತುಂಡನ್ನು ದೇವಿಯ ಕಿವಿಯಿಂದ ದೂರ, ತಳದ ಸಾಲಿಗೆ ಹಾಕಬೇಕು. ಮೂರು ವಾರ ನಾವು ಹದಿನಾರು ಹೆಂಗಸರು ಗುಡಿಯ ಕಟ್ಟೆಯ ಮೇಲೆ ಕೂತು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಅಂತೂ ಸಾಲುಗಳು ನಿಂತವು. ನಮ್ಮನೆಯವರ ಖಾಕಿ ತುಂಡು ನಡುವಿನ ಸಾಲಿಗೆ ಬಂತು. ಅದರ ಬಲಕ್ಕೆ ಗೋದಾವರಿ ಅಕ್ಕೋರು ಕೊಟ್ಟ ನೇರಳೆ ಬಣ್ಣದ ಸೀರೆಯ ತುಂಡು. ಅಕ್ಕೋರು ಅದೇ ಹೆಣ್ಣುಮಕ್ಕಳ ಸಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಿಯಾದವರು. ಮದುವೆ ಆಗಿರಲಿಲ್ಲ. ಇಂದಿಗೂ ನೆಟ್ಟಗೆ ನಡೆಯುತ್ತಾರೆ, ಊರಲ್ಲಿ ಯಾರಾದರೂ ಬಾಗಿ ನಡೆದರೆ ಬೈಯುತ್ತಾರೆ.

ಸಾಲುಗಳನ್ನು ಕೂಡಿಸಿದ ದಿನ ಪರದೆಯನ್ನು ಕಟ್ಟೆಯ ಕಂಬಗಳಿಗೆ ಕಟ್ಟಿ ನೋಡುತ್ತಿದ್ದೆವು. ನಾಲ್ಕು ಗಂಟೆಯಾಯಿತು. ಖಾಕಿ ತುಂಡಿನ ಮೂಲೆ ಮೇಲೆದ್ದಿತು. “ಗಂಟಿ ಬಾರಸಾಕತ್ತ್ಯಾನ ನೋಡು ಮಲಕಾಜಪ್ಪ!” ಎಂದು ಎಲ್ಲರೂ ಖುಷಿಪಟ್ಟರು. ನಾನೂ ಖುಷಿಪಟ್ಟು, ಇನ್ನೇನು ನನ್ನ ಕಡೆ ವಾಲುತ್ತಾರೆಂದು ಸೆರಗು ಸರಿಮಾಡಿಕೊಂಡು ಪರದೆಯ ಎಡಗಡೆ ನಿಂತೆ. ತುಂಡು ಬಲಕ್ಕೆ ವಾಲಿತು. ಮೆಲ್ಲಗಲ್ಲ, ಇಡೀ ಪರದೆಯೇ ಜಗ್ಗುವಷ್ಟು ಆಸೆಯಿಂದ, ನೇರಳೆ ಸೀರೆಯ ಮೇಲೆ ಹೋಗಿ ಬಿತ್ತು.

ಹದಿನಾರು ಸೂಜಿ ನಿಂತವು. ಆಮೇಲೆ ಬಂಗಾರೆವ್ವ ತನ್ನ ಮಟ್ಟಿಗೆ ತೀರ ಸಣ್ಣ ದನಿಯಲ್ಲಿ, ಅಂದರೆ ಬಾವಿಯ ಹತ್ತಿರ ಇದ್ದವರಿಗೂ ಕೇಳುವ ಹಾಗೆ, ಹೇಳಿದಳು: “ನಾಲ್ಕಕ್ಕ ಗಂಟಿ ಬಾರಸ್ತಿದ್ದ. ಮನಿಗೆ ಬರೂದು ಐದಕ್ಕ. ನಡುವ ಒಂದು ತಾಸು ಐತಿ ನೋಡ್ರವ್ವಾ.”

ಆ ಒಂದು ತಾಸಿನ ಬಗ್ಗೆ ನಾನು ಜನ್ಮದಲ್ಲಿ ಯೋಚಿಸಿರಲಿಲ್ಲ. ಸಾಲೆಯ ಕಸ ಹೊಡೆದು, ಬೀಗ ಹಾಕಿ ಬರುತ್ತಾರೆ ಎಂದುಕೊಂಡಿದ್ದೆ. ದಿನಾ ಐದಕ್ಕೆ ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದರು, ಬಾಯಿಂದ ಬಡೇಸೋಪಿನ, ಆ ಸೋಂಪುಕಾಳಿನ, ವಾಸನೆ ಬರುತ್ತಿತ್ತು. ಈಗ ಕೂತು ಎಣಿಸಿದರೆ ಮೂವತ್ತೊಂದು ವರ್ಷದ ಒಂದೊಂದು ತಾಸೂ ಎದ್ದು ನನ್ನ ಮುಖಕ್ಕೆ ಬಡಿಯಿತು. ಆ ಸಂಜೆ ಟ್ರಂಕು ತೆಗೆದು ಉಳಿದ ಅಂಗಿಗೆ ಬಾಯಿಗೆ ಬಂದ ಹಾಗೆ ಬೈದೆ. ಅದು ಬರೀ ಅರಿವೆ, ತಿರುಗಿ ಏನೂ ಅನ್ನಲಿಲ್ಲ. ಬದುಕಿದ್ದಾಗಲೂ ಅವರದು ಅದೇ ಗುಣ.

ಮರುದಿನ ಬೆಳಿಗ್ಗೆ ಅಕ್ಕೋರ ಮನೆಗೆ ಹೋದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಜೋಡಿಸಿಕೊಂಡಿದ್ದೆ. ಅವರು ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

“ಅಕ್ಕೋರ, ಒಂದು ಮಾತು ಕೇಳೂದಿತ್ತು.”

“ಕೇಳು. ನಿನ್ನೆಯಿಂದ ಊರಿಗೆ ಊರೇ ಕೇಳಾಕತ್ತೈತಿ, ನೀ ಒಬ್ಬಾಕಿ ಯಾಕ ಬಿಡ್ತಿ?” ಅವರು ಮೊರ ಕೆಳಗಿಟ್ಟರು. “ಕಾಶವ್ವಾ, ನಿನ್ನ ಗಂಡ ದಿನಾ ನನ್ನ ಕಡೆ ನೋಡ್ತಿದ್ದ, ಖರೆ. ಯಾಕಂದ್ರ ಗಡಿಯಾರ ನನ್ನ ತಲಿ ಮ್ಯಾಲಿನ ಗ್ವಾಡಿಗೆ ಇತ್ತು. ನಾಲ್ಕಕ್ಕ ಹತ್ತು ನಿಮಿಷ ಇರೂವಾಗನ ಬಾಗಲದಾಗ ಬಂದು ನಿಂತು ಮುಳ್ಳು ನೋಡಾಂವ. ಮುಳ್ಳು ನಾಲ್ಕು ಮುಟ್ಟಿತೋ ಇಲ್ಲೋ, ನಾ ಭಾಗಾಕಾರದ ನಡುವ ಇದ್ದಾಗನ ಗಂಟಿ ಬಾರಿಸಿ ಬಿಡಾಂವ. ಅವನ ದೆಸಿಯಿಂದ ಈ ಊರಿನ ಹೆಣ್ಣಮಕ್ಕಳಿಗೆ ಭಾಗಾಕಾರ ಅರ್ಧಾನ ಬರತೈತಿ. ಅಂಥಾಂವನ ಮ್ಯಾಲ ನಾ ಮನಸ್ಸ ಇಡ್ತೀನೇನು?”

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. “ಕಸ ಹೊಡಿಯಾಕ ನಿಲ್ಲತಿದ್ರಲ್ರಿ ಐದರತನಕ?”

“ಕಸ ಮುಂಜಾನೆ ಹೊಡಿತಿದ್ದ. ಬೀಗ ನಾ ಹಾಕತಿದ್ದೆ. ಗೇಟಿನಾಗ ಹುಡಿಗ್ಯಾರಿಗಿಂತ ಮೊದಲು ಅವನ ಹೊರಗ ಓಡತಿದ್ದ. ಎಲ್ಲಿಗೆ ಅಂತ ನಾ ನಿನ್ನ ಕೇಳಬೇಕಾಗಿತ್ತು.”

ಅಕ್ಕೋರ ಮಾತನ್ನು ನಂಬಿದೆ. ಆದರೆ ನಂಬಿದ್ದರಿಂದ ಸಮಾಧಾನವಾಗಲಿಲ್ಲ, ಇನ್ನೂ ಹೆಚ್ಚು ಹೆದರಿಕೆಯಾಯಿತು. ಅಕ್ಕೋರಾದರೆ ಕಣ್ಣೆದುರಿಗಿದ್ದರು, ಜಗಳವಾಡಿ ಮುಗಿಸಬಹುದಿತ್ತು. ಈಗ ಇನ್ನೂರಾ ಹದಿಮೂರು ಮನೆಯಲ್ಲಿ ಯಾರನ್ನೆಂದು ಹುಡುಕುವುದು?

ಅಕ್ಕೋರು ಮಾತ್ರ ಬಿಡುವ ಪೈಕಿಯಲ್ಲ. ತಮ್ಮ ಕತ್ತರಿ ತೆಗೆದುಕೊಂಡು ನನ್ನ ಜೊತೆಗೇ ಗುಡಿಗೆ ಬಂದರು. ಯಾರ ಅಪ್ಪಣೆಯನ್ನೂ ಕೇಳದೆ ತಮ್ಮ ನೇರಳೆ ತುಂಡನ್ನು ತಾವೇ ಬಿಚ್ಚಿ, ತಳದ ಸಾಲಿನ ತೀರ ಎಡ ಮೂಲೆಗೆ ಒಯ್ದು, ಗೊರಕೆಯ ತುಂಡಿನ ಪಕ್ಕಕ್ಕೆ ಹಚ್ಚಿದರು. “ಇವತ್ತು ನಾಲ್ಕಕ್ಕ ಎಲ್ಲಾರೂ ಬರ್ರಿ,” ಎಂದು ಕಟ್ಟೆಯ ಮೇಲೆ ನಿಂತು ಹೇಳಿದರು. “ತಡಾ ಮಾಡಿದವ್ರು ಹೊರಗ ನಿಲ್ಲಬೇಕು.”

ನಾಲ್ಕಕ್ಕೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಡಿಗಳ ಬಾಗಿಲು ಹಾಕಿದ್ದರು. ಪರದೆ ನೋಡಲೋ ಬೇಡವೋ ಎಂದು ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದೆ. ಖಾಕಿ ತುಂಡು ಮೂಲೆ ಎತ್ತಿತು, ಗಂಟೆ ಬಾರಿಸಿತು, ಕೈ ಇಳಿಸಿತು. ಆಮೇಲೆ ನಿನ್ನೆಯ ಹಾಗೇ ಬಲಕ್ಕೇ ವಾಲಿತು. ನೇರಳೆ ತುಂಡು ಇದ್ದ ಖಾಲಿ ಜಾಗವನ್ನು ದಾಟಿ, ಅದರಾಚೆಯ ತುಂಡಿಗೆ ಹೋಗಿ ಒರಗಿತು. ಅದೊಂದು ಕೆಂಪು ಚೌಕಳಿಯ ಹೆಗಲುವಸ್ತ್ರದ ತುಂಡು, ಮೇಲೆಲ್ಲ ಕಡಲೆಹಿಟ್ಟಿನ ಹಳದಿ ಕಲೆ. ಅಷ್ಟು ಹೊತ್ತಿಗೆ ಆ ತುಂಡೂ ತನ್ನ ಚಾಳಿಗೆ ಬಿದ್ದಿತ್ತು. ಏನನ್ನೋ ಅದ್ದುವುದು, ಬಿಡುವುದು, ಮಗುಚುವುದು. ನಮ್ಮನೆಯವರ ಜೇಬು, ದೇವರಾಣೆಗೂ ಹೇಳುತ್ತೇನೆ, ಅದರೆದುರು ಬಾಯಿ ತೆರೆಯಿತು.

“ಇದು ಹುಸೇನಸಾಬನ ವಸ್ತ್ರ ಅಲ್ಲೇನು!” ಎಂದು ಬಂಗಾರೆವ್ವ ಕೂಗಿದಳು.

ಹುಸೇನಸಾಬ ನಮ್ಮ ಓಣಿಯ ತುದಿಯಲ್ಲಿ ಮಿರ್ಚಿ ಕರಿಯುವವನು. ಉದ್ದ ಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಅವನು ಎಣ್ಣೆಗೆ ಬಿಟ್ಟನೆಂದರೆ ಮೂರು ಓಣಿಯ ಜನ ಮೂಗು ಎತ್ತುತ್ತಾರೆ. ಅವನು ಗುಂಪಿನ ಹಿಂದಿನಿಂದ ಮೆಲ್ಲಗೆ ಜಾರಿಕೊಳ್ಳುತ್ತಿದ್ದ. ಬಂಗಾರೆವ್ವ ತೋಳು ಹಿಡಿದು ಎಳೆದುಕೊಂಡು ಬಂದು ನನ್ನೆದುರು ನಿಲ್ಲಿಸಿದಳು. ಅವನು ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ.

“ತಪ್ಪಾತ್ರಿ ವೈನಿ,” ಎಂದ. “ದಿನಾ ಎರಡ ಮಿರ್ಚಿ. ಹೆಚ್ಚಿಲ್ಲ. ಹಬ್ಬ ಇದ್ರ ಮೂರು.”

“ಡಾಕ್ಟರು ಖಾರಾ ಬ್ಯಾಡ ಅಂದಮ್ಯಾಲೂನು?” ಎಂದೆ.

“ಡಾಕ್ಟರು ಬ್ಯಾಡ ಅಂದಮ್ಯಾಲ ಒಂದು ಮಿರ್ಚಿ ಹೆಚ್ಚ ಆತ್ರಿ,” ಎಂದು ಅವನು ತಲೆ ತಗ್ಗಿಸಿದ. “‘ನನ್ನ ಹೆಣತಿ ನನ್ನ ಸಲುವಾಗಿ ತಾನೂ ನುಚ್ಚ ಉಣ್ಣಾಕತ್ತಾಳ, ಆಕಿಗೆ ಗೊತ್ತಾದ್ರ ನೊಂದ್ಕೊತಾಳ’ ಅಂತಿದ್ರು. ಕಡೀಕ ಬಡೇಸೋಪು ಬಾಯಾಗ ಹಾಕ್ಕೊಂಡು, ಬಾಯಿ ಒರಸ್ಕೊಂಡು, ‘ಇನ್ನ ಆಕಿ ಕಡೆ ಹೋಗ್ತೀನಿ’ ಅಂತ ಎದ್ದು ಬರತಿದ್ರು.”

ಅವರ ಹೊಟ್ಟೆಯಲ್ಲಿ ಹುಣ್ಣಾಗಿದೆ, ಖಾರ ಎಣ್ಣೆ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ ದಿನದಿಂದ ಎಂಟು ವರ್ಷ ನಾನು ನಮ್ಮ ಮನೆಯಲ್ಲಿ ಒಗ್ಗರಣೆಯ ಸದ್ದು ಮಾಡಿರಲಿಲ್ಲ. ನುಚ್ಚು ಮಜ್ಜಿಗೆ, ಮಜ್ಜಿಗೆ ನುಚ್ಚು. ಅವರು ಒಂದು ದಿನವೂ ಗೊಣಗಲಿಲ್ಲ. ಹುಣ್ಣು ಮಾಯ್ದಾಗ ನನ್ನ ಪಥ್ಯದಿಂದಲೇ ಮಾಯ್ದದ್ದು ಎಂದು ನಾನು ಓಣಿಯಲ್ಲೆಲ್ಲ ಮೆರೆದಿದ್ದೆ. ಕೊನೆಗೆ ಅವರನ್ನು ಕರೆದೊಯ್ದದ್ದು ಹುಣ್ಣಲ್ಲ, ಉಬ್ಬಸ. ಮಿರ್ಚಿ ಮಾಡದ ಕೆಲಸವನ್ನು ಸಾಲೆಯ ಧೂಳು ಮಾಡಿತು.

“ಕಡೀ ವಾರ ಬಂದಿದ್ದೆರಿ ವೈನಿ,” ಎಂದ ಹುಸೇನಸಾಬ, ಈಗ ನನ್ನ ಮುಖ ನೋಡದೆ. “ಅವರ ಎದ್ದು ಬರಾಕ ಆಗವಲ್ದು ಅಂತ ನಾನ ತಂದಿದ್ದೆ. ನೀವು ಬಾಗಲದಾಗ ನಿಂತು, ‘ಮಲಗ್ಯಾರ, ಆಮ್ಯಾಲ ಬರ್ರಿ’ ಅಂದ್ರಿ.”

ನೆನಪಾಯಿತು. ಅವನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದ. ಎಣ್ಣೆಯ ವಾಸನೆ ಬಂದಿತ್ತು, ಅವನ ಮೈಯದೇ ಇರಬೇಕೆಂದುಕೊಂಡಿದ್ದೆ. ಅವರು ಮಲಗಿರಲಿಲ್ಲ. ದಿಂಬಿಗೆ ಒರಗಿ ಕಿಟಕಿಯ ಕಡೆ ನೋಡುತ್ತಿದ್ದರು. ತಿರುಗಿ ಬಂದು ಕಿಟಕಿಯ ಕೆಳಗೆ ಕೂತ ನಾನು ಅದನ್ನು ನನ್ನದೇ ಪಾಲಿಗೆ ಬಂದ ನೋಟವೆಂದು ಇಟ್ಟುಕೊಂಡಿದ್ದೆ. ಆ ಕಿಟಕಿಯಿಂದ, ನನ್ನ ತಲೆಯ ಮೇಲಿಂದ ನೋಡಿದರೆ, ಓಣಿಯ ತುದಿಯಲ್ಲಿ ಹುಸೇನಸಾಬನ ಒಲೆಯ ಹೊಗೆ ಕಾಣುತ್ತದೆ.

ನನಗೆ ಮೊದಲು ನಗು ಬಂತು. ಜೋರಾಗಿ ನಕ್ಕೆ. ಬೇರೆ ಹೆಂಗಸಿಲ್ಲ, ಮೆಣಸಿನಕಾಯಿ! ಮೂವತ್ತೊಂದು ವರ್ಷದ ತಾಸುಗಳೆಲ್ಲ ಒಂದೇ ಸಲಕ್ಕೆ ನನಗೆ ವಾಪಸು ಬಂದವು. ಊರೂ ನಕ್ಕಿತು, ಅಕ್ಕೋರೂ ನಕ್ಕರು. ನಗುತ್ತ ನಗುತ್ತಲೇ ಅಳು ಬಂತು, ಅದು ನಿಲ್ಲಲಿಲ್ಲ. ಬಾಗಿಲಿಗೆ ಬಂದಿದ್ದ ಎರಡು ಮಿರ್ಚಿಯನ್ನು ನಾನು ವಾಪಸು ಕಳಿಸಿದ್ದೆ. ಸಾಯುವ ಮನುಷ್ಯನಿಗೆ ಅಷ್ಟೂ ದಕ್ಕಲಿಲ್ಲ. ಅಂಗಿ ನಾಲ್ಕು ವರ್ಷ ವಾಲಿದ್ದು ಹಸಿವಿನಿಂದ, ನಾನು ಅದರ ಕೆಳಗೆ ಕೂತು ಹಿಗ್ಗುತ್ತಿದ್ದೆ.

ಗದಿಗೆಯ್ಯ ಎಲ್ಲರನ್ನೂ ಕಳಿಸಿ ನನ್ನ ಹತ್ತಿರ ಬಂದು ಕೂತ. ಅವನಿಗೆ ಅವನದೇ ಚಿಂತೆ. ದಿನಾ ನಾಲ್ಕಕ್ಕೆ ತುಂಡು ಹೀಗೆ ಜಗ್ಗಿದರೆ ಪರದೆ ಸರಿದು, ಮಲಗಿದ ದೇವಿ ಊರಿಗೆಲ್ಲ ಕಾಣುತ್ತಾಳೆ. ಪರದೆ ಏರಿಸುವ ಹುಣ್ಣಿಮೆಗೆ ಎರಡೇ ದಿನ.

“ಒಂದು ಕೆಲಸಾ ಮಾಡು ಯವ್ವಾ,” ಎಂದ ಮೆತ್ತಗೆ. “ಈ ತುಂಡು ಬಿಚ್ಚಿ ಮನಿಗೆ ಒಯ್ಯಿ. ಅಂಗಿಗೆ ತಿರುಗಿ ಹಚ್ಚು. ನಿನ್ನ ಸೀರಿ ತುಂಡು ಒಂದು ಕೊಡು, ಅವ್ವಗ ನಾ ಹೇಳ್ಕೊತೀನಿ.”

ಮೂರು ವಾರದ ಹಿಂದೆ ಈ ಮಾತು ಹೇಳಿದ್ದರೆ ನಾನು ಅವನ ಕಾಲಿಗೆ ಬೀಳುತ್ತಿದ್ದೆ. ಈಗಲೂ ಬಾಯಿಯವರೆಗೆ ಹೂಂ ಬಂದಿತ್ತು. ಅಂಗಿ ಮತ್ತೆ ಗೂಟಕ್ಕೆ ಬರುತ್ತದೆ, ಮನೆ ಮೊದಲಿನ ಹಾಗಾಗುತ್ತದೆ. ಆದರೆ ನಾನು ಸಾಯುವವರೆಗೆ ದಿನಾ ನಾಲ್ಕಕ್ಕೆ ಅವರು ನನ್ನ ತಲೆಯ ಮೇಲಿಂದ ಹೊಗೆ ನೋಡುತ್ತಿರುತ್ತಾರೆ, ಅದನ್ನು ತಿಳಿದೂ ನಾನು ಕೆಳಗೆ ಕೂತು ಹೊಲಿಯಬೇಕು. ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

“ಅಯ್ಯಾರ, ಪರದೆಗೆ ಊಟ ಇನ್ನೂ ಇಟ್ಟಿಲ್ಲಲ್ಲ?” ಎಂದೆ.

ನಮ್ಮಲ್ಲಿ ಯಾವ ಕೌದಿಯನ್ನೂ ಹಸಿದ ಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಕೊನೆಯ ಹೊಲಿಗೆಗೆ ಮುಂಚೆ ಎರಡು ಪದರಗಳ ನಡುವೆ ಹೋಳಿಗೆಯ ಚೂರೊಂದನ್ನು ಇಟ್ಟು ಬಾಯಿ ಮುಚ್ಚುತ್ತಾರೆ. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಬೆಚ್ಚಗಿಡುತ್ತದೆ.

“ಹುಣ್ಣಿವಿ ದಿನ ಹೋಳಿಗಿ ಇಡೂದೈತಲ್ಲ.”

“ಹೋಳಿಗಿ ಬ್ಯಾಡ. ಮಿರ್ಚಿ ಇಡೂಣು.”

ಗದಿಗೆಯ್ಯ ಎದ್ದೇ ನಿಂತ. “ಬುದ್ಧಿ ಎಲ್ಲೈತಿ ನಿಂದು? ದೇವರ ಪರದೆದಾಗ ಮಿರ್ಚಿ? ಹೋಳಿಗಿ ಇಡೂದು ಪದ್ಧತಿ!”

“ಹಸದಿರಬಾರದು ಅನ್ನೂದು ಪದ್ಧತಿರಿ. ಏನ್ ಬೇಕಾಗೇತಿ ಅಂತ ಕೇಳದ ಎಂಟು ವರ್ಷ ನುಚ್ಚು ಹಾಕಿದಾಕಿ ನಾ. ಮತ್ತ ಅದನ್ನ ಮಾಡು ಅಂತೀರೇನು?”

ಅವನು ಒಳಗೆ ಹೋಗಿ ದೇವಿಯ ಮುಂದೆ ಬಹಳ ಹೊತ್ತು ನಿಂತ. ದೇವಿ ಏನು ಹೇಳಿದಳೋ ಗೊತ್ತಿಲ್ಲ. ಹೊರಗೆ ಬಂದು, “ಮೊದಲ ಒಂದು ತಿಂದು ನೋಡ್ಬೇಕಾಗತೈತಿ, ಕೆಟ್ಟದ್ದು ಇಡಾಕ ಬರೂದಿಲ್ಲ,” ಎಂದ.

ಹುಣ್ಣಿಮೆಯ ಮಧ್ಯಾಹ್ನ ಅಂಗಳದಲ್ಲಿ ಒಲೆ ಹೂಡಿದೆವು. ಹುಸೇನಸಾಬ ಕರಿಯಲು ಬಂದ, ನಾನು ಬಿಡಲಿಲ್ಲ. “ನೀವು ಹೇಳ್ರಿ, ನಾ ಮಾಡ್ತೀನಿ,” ಎಂದೆ. ಅವನು ಸ್ಟೂಲಿನ ಮೇಲೆ ಕೂತು, ಹಿಟ್ಟು ತೆಳ್ಳಗಾಯಿತು, ಅಜಿವಾನ ತಿಕ್ಕಿ ಹಾಕಿ, ಮೆಣಸಿನಕಾಯಿ ಸೀಳುವಾಗ ತುದಿ ಬಿಡಿ ಎಂದು ಹೇಳುತ್ತ ಹೋದ. ನನ್ನ ಮೊದಲ ಮಿರ್ಚಿ ಪಟ್ಟೆಂದು ಸಿಡಿದು ಎಣ್ಣೆ ಹಾರಿತು, ಎರಡನೆಯದು ಹಸಿಯಾಗಿ ಉಳಿಯಿತು. ಗದಿಗೆಯ್ಯ ಎರಡನ್ನೂ ಪರೀಕ್ಷೆಗೆಂದು ತಿಂದ. ಆರನೆಯದು ಹೊಂಬಣ್ಣಕ್ಕೆ ಬಂತು. ಹುಸೇನಸಾಬ ಅದನ್ನು ನೋಡಿ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

ಬೇರೆ ಹೊಟ್ಟೆ ಹುಡುಕುವುದೇಕೆ ಎಂದು ಜೇಬಿನಲ್ಲೇ ಇಟ್ಟೆ. ಎರಡು ಮಿರ್ಚಿ, ಒಂದು ಚಿಟಿಕೆ ಬಡೇಸೋಪು. ಜೇಬಿನ ಬಾಯಿಗೆ ಒತ್ತಾಗಿ ಹೊಲಿಗೆ ಹಾಕಿದೆ. ಅದಕ್ಕಿಂತ ನೇರವಾದ ಹೊಲಿಗೆ ನಾನು ಜನ್ಮದಲ್ಲಿ ಹಾಕಿಲ್ಲ. ಅಕ್ಕೋರು ತಮ್ಮ ನೇರಳೆ ತುಂಡನ್ನು ಮೊದಲಿನ ಜಾಗಕ್ಕೇ ತಿರುಗಿ ಹಚ್ಚಿದರು, ಪರದೆ ಏರಿತು.

ನಾಲ್ಕಕ್ಕೆ ತುಂಡು ಗಂಟೆ ಬಾರಿಸಿತು. ಊರೆಲ್ಲ ಉಸಿರು ಹಿಡಿದು ಬಲಕ್ಕೆ ನೋಡಿತು. ಅದು ವಾಲಲಿಲ್ಲ. ಜೇಬು ಮೆಲ್ಲಗೆ ಉಬ್ಬಿತು, ಇಳಿಯಿತು, ಉಬ್ಬಿತು, ಇಳಿಯಿತು. ಒಲೆಯ ಪಕ್ಕ ಕೂತ ಮನುಷ್ಯ ಬಿಸಿಯದನ್ನು ಊದಿ ಊದಿ ತಿನ್ನುವ ಹಾಗೆ. ಬಂಗಾರೆವ್ವನ ಸೆರಗಿನ ತುಂಡು ಎರಡು ಸಾಲು ಆಚೆಯಿಂದ ಕತ್ತು ಚಾಚಿ ನೋಡಲು ಹವಣಿಸಿತು, ಅಷ್ಟೆ. ಗದಿಗೆಯ್ಯ ಗೆದ್ದವನ ಹಾಗೆ ಸುತ್ತ ನೋಡಿದ. ಜನ ಮಿಕ್ಕ ಮಿರ್ಚಿ ತಿಂದು, ಬಾಯಿ ಹಾಯೆನ್ನಿಸಿಕೊಳ್ಳುತ್ತ ಮನೆಗೆ ಹೊರಟರು.

ನಾನು ಚಪ್ಪಲಿ ಮೆಟ್ಟಿ ಗುಡಿಯ ಬಾಗಿಲವರೆಗೆ ಹೋಗಿದ್ದೆ. ಹಿಂದಿನಿಂದ ಗದಿಗೆಯ್ಯ ಕೂಗಿದ: “ಕಾಶವ್ವಾ, ಮತ್ತ ಶುರು ಆತು ನೋಡು!”

ಆಗ ಸರಿಯಾಗಿ ಐದು ಗಂಟೆ. ತುಂಡು ಪರದೆಯನ್ನೆಲ್ಲ ಎಳೆದುಕೊಂಡು ವಾಲಿತ್ತು. ಈ ಸಲ ಬಲಕ್ಕಲ್ಲ, ಮುಂದಕ್ಕೆ, ಬಾಗಿಲ ಕಡೆಗೆ. ನಾನು ಚಪ್ಪಲಿ ಬಿಟ್ಟು ವಾಪಸು ಬಂದೆ. ಎಡಗಡೆಯ ಕಂಬದ ಹತ್ತಿರ ನಿಂತೆ, ತುಂಡು ಎಡಕ್ಕೆ ಬಂತು. ಬಲಗಡೆಯ ಕಂಬಕ್ಕೆ ಹೋದೆ, ಬಲಕ್ಕೆ ಬಂತು. ನನ್ನ ಹಿಂದೆ ಕಿಟಕಿಯಿರಲಿಲ್ಲ, ಹೊಗೆಯಿರಲಿಲ್ಲ, ಬರೀ ಕಲ್ಲಿನ ಗೋಡೆ. ಗೂಟದ ಮೇಲೆ ನಾಲ್ಕು ವರ್ಷ ಈ ಐದು ಗಂಟೆ ಅವರಿಗೆ ಬಂದೇ ಇರಲಿಲ್ಲ. ಉಂಡಿರದ ಮನುಷ್ಯ ಎದ್ದು ಮನೆಗೆ ಹೇಗೆ ಬಂದಾನು? ನಾನು ಹೋಗಿ ಪರದೆಯ ಎದುರಿನ ಮೆಟ್ಟಿಲ ಮೇಲೆ ಕೂತೆ. ಪರದೆ ನೆಟ್ಟಗೆ ಇಳಿಬಿತ್ತು, ದೇವಿ ಮರೆಯಾದಳು.

ಈಗ ದಿನಾ ಐದಕ್ಕೆ ಅಲ್ಲಿ ಹೋಗಿ ಕೂರುವುದು ನನ್ನ ಪಾಲಿಗೆ ಬಂದ ಸೇವೆ. ಗದಿಗೆಯ್ಯ ಅದಕ್ಕೆಂದು ಒಂದು ಚಾಪೆಯನ್ನೂ ಹಾಸಿದ್ದಾನೆ. ಅವತ್ತು ಮೊದಲ ದಿನ ಮಾತ್ರ ಬರೀ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೋಡಿದೆ. ಜೇಬಿನ ಅಂಚಿಗೆ, ನನ್ನ ಹೊಲಿಗೆಯ ಮೇಲೆಯೇ, ಕಾಸಿನಗಲ ಎಣ್ಣೆಯ ಕಲೆ ಮೂಡಿತ್ತು. ಎದ್ದು ಹತ್ತಿರ ಹೋಗಿ ಸೆರಗಿನ ತುದಿ ಕೈಗೆ ತೆಗೆದುಕೊಂಡೆ.

“ಬಾಯಿ ಒರಸ್ಕೋರಿ,” ಎಂದೆ, “ಎಣ್ಣಿ ಹತ್ತೇತಿ.”